ಗೋಡೆ ತಟ್ಟುವವರು ಗಂಡಿನ ಮನೆ ನೋಡಲು ಹೋದರೆ

ಬೇರೆಯವರ ಮನೆಗೆ ಹೋದರೆ ತಟ್ಟದೆ ಒಳಗೆ ಕಾಲಿಡಬಾರದು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಮೊದಲು ಕಲಿಸಿದ ಪಾಠ ಇದು. ನಮ್ಮ ಯಜಮಾನರೂ ತಟ್ಟುತ್ತಾರೆ. ಆದರೆ ಒಳಗೆ ಹೋದ ಮೇಲೆ. ಅದೂ ಬಾಗಿಲನ್ನಲ್ಲ, ಗೋಡೆಯನ್ನು.

ಬೈಯುವ ಹಾಗೂ ಇಲ್ಲ. ಓವರ್‌ಸಿಯರ್ ಕೆಲಸವೇ ಅಂಥದ್ದು. ಆಯುಸ್ಸೆಲ್ಲ ಬಿಸಿಲಲ್ಲಿ ನಿಂತು ಸೇತುವೆ, ಶಾಲೆ, ಆಸ್ಪತ್ರೆ ಕಟ್ಟಿಸಿದವರು. ಗಾರೆ ಗೋಡೆಯನ್ನು ಹಿಡಿದಿದೆಯೋ ಬಿಟ್ಟಿದೆಯೋ ಅಂತ ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ ಹೇಳಿಬಿಡುತ್ತಾರೆ. ಹಿಡಿದಿದ್ದರೆ ‘ಟಕ್’. ಬಿಟ್ಟಿದ್ದರೆ ‘ಡಬ್’.

ರಿಟೈರಾಗಿ ರಾಜಾಜಿನಗರದ ಈ ಬಾಡಿಗೆ ಮನೆಗೆ ಬಂದರು ನೋಡಿ, ಕೈಗೆ ಕೆಲಸವೇ ಇಲ್ಲದಂತಾಯಿತು. ಮನೆಯ ಗೋಡೆಗಳೆಲ್ಲ ಮೊದಲ ವಾರಕ್ಕೇ ಮುಗಿದವು. ಆಮೇಲೆ ತೆಂಗಿನಕಾಯಿ ತಟ್ಟಿದರು. ಕುಂಬಳಕಾಯಿ ತಟ್ಟಿದರು. ನೀರಿನ ಹಂಡೆ ತಟ್ಟಿದರು. (ರೊಟ್ಟಿಯೊಂದನ್ನು ತಟ್ಟಲಿಲ್ಲ. ಅದು ನನ್ನ ಇಲಾಖೆಯಂತೆ.)

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ನಮ್ಮ ವಿಮಲಾಳಿಗೆ ಗಂಡು ಹುಡುಕಲು ಶುರುಮಾಡುವ ತನಕ.

ಮೊದಲು ಬಂದದ್ದು ಮಲ್ಲೇಶ್ವರದ ಕಡೆಯ ಸಂಬಂಧ. ಜಾತಕ ಕೂಡಿತು. ಹುಡುಗಿಯನ್ನು ಒಪ್ಪಿದರು. ನಾವು ಅವರ ಮನೆ ನೋಡಲು ಹೋದೆವು. ಇವರು ಮಹಡಿ ಮೆಟ್ಟಿಲನ್ನು ಒಮ್ಮೆ ಹತ್ತಿ, ಒಮ್ಮೆ ಇಳಿದು, ಹುಡುಗನ ತಂದೆಯನ್ನು ಬಹಳ ಕಳಕಳಿಯಿಂದ ಕೇಳಿದರು: “ನಿಮ್ಮ ಮೇಸ್ತ್ರಿ ಕುಡೀತಿದ್ನೇನು?”

ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ.

ಎರಡನೆಯದು ನಮ್ಮ ರಾಜಾಜಿನಗರದ್ದೇ, ಆಚೆ ತುದಿಯದು. ನಂಜುಂಡಯ್ಯ ಎಂಬವರ ಮಗ ಮೂರ್ತಿ. ಹೈಸ್ಕೂಲ್ ಮೇಷ್ಟರು. ಹುಡುಗಿ ನೋಡಲು ಬಂದ ದಿನ ವಿಮಲಾ ಗಾಬರಿಯಲ್ಲಿ ಸಕ್ಕರೆ ಹಾಕದೆ ಕಾಫಿ ಕೊಟ್ಟಿದ್ದಳು. ಹುಡುಗ ಕೊನೆಯ ಗುಟುಕಿನವರೆಗೂ ಕುಡಿದು, “ಚೆನ್ನಾಗಿತ್ತು” ಎಂದ. ಅಂದಿನಿಂದ ಇವಳು ಸಕ್ಕರೆ ಡಬ್ಬಿ ಕಂಡರೆ ಒಬ್ಬಳೇ ನಗುತ್ತಾಳೆ. ತಾಯಿಗೆ ಇದಕ್ಕಿಂತ ಹೆಚ್ಚು ಏನು ಬಿಡಿಸಿ ಹೇಳಬೇಕು?

ಕಳೆದ ಭಾನುವಾರ ಅವರ ಮನೆ ನೋಡಲು ಹೊರಟೆವು. ವಿಮಲಾ ಗೇಟಿನವರೆಗೂ ಬಂದಳು.

“ಅಪ್ಪಾ, ಆ ಮನೆ ಬಗ್ಗೆ ಒಂದು ಮಾತೂ ಆಡ್ಬೇಡಿ. ನನ್ನಾಣೆ.”

“ಇಲ್ಲ ಕಣೇ. ಬಾಯೇ ಬಿಡಲ್ಲ.”

ನಮ್ಮ ಬಡಾವಣೆಯನ್ನು ನೀವು ಬಲ್ಲಿರಿ. ಮನೆಗಳಿಗಿಂತ ಜಲ್ಲಿ ರಾಶಿಗಳೇ ಹೆಚ್ಚು. ಒಂದೊಂದರ ಮುಂದೆಯೂ ನಿಲ್ಲುತ್ತಿದ್ದ ಇವರನ್ನು, ಆಟಿಕೆ ಅಂಗಡಿ ದಾಟಿಸುವ ತಾಯಿಯ ಹಾಗೆ ದಾಟಿಸಿಕೊಂಡು ಹೋದೆ.

ನಂಜುಂಡಯ್ಯನವರದು ಹೊಸ ಮನೆ. ಕೆಂಪು ನೆಲದಲ್ಲಿ ಮುಖ ಕಾಣುತ್ತಿತ್ತು. ಅವರು ಒಂದೊಂದು ದೀಪವನ್ನೂ ಹಾಕಿ, ಆರಿಸಿ ತೋರಿಸಿದರು. “ಹೇಗಿದೆ ಸಾರ್? ತಾವು ಅನುಭವಸ್ಥರು” ಎಂದು ಕೇಳಿದರು. ಇವರು ಬಾಯಿ ಬಿಗಿಹಿಡಿದು ತಲೆ ಆಡಿಸಿದರು. ಗೆದ್ದೆ ಎಂದುಕೊಂಡು ನಾನು ಕೊಬ್ಬರಿ ಮಿಠಾಯಿಯ ತುಂಡೊಂದನ್ನು ಬಾಯಿಗಿಟ್ಟೆ.

ಟಕ್. ಟಕ್. ಡಬ್.

ತಿರುಗಿ ನೋಡಿದೆ. ಇವರ ಕುರ್ಚಿ ಗೋಡೆಗೆ ಒತ್ತಿಕೊಂಡಿತ್ತು. ಕೈ ಬೆನ್ನ ಹಿಂದೆ ಹೋಗಿತ್ತು. ನೋವು ಎಲ್ಲಿದೆ ಅಂತ ಪತ್ತೆ ಮಾಡಿದ ಡಾಕ್ಟರ ಕಳೆ ಮುಖದಲ್ಲಿತ್ತು.

“ಏನ್ ಸಾರ್ ಅದು?” ಎಂದರು ನಂಜುಂಡಯ್ಯ.

ಇವರು ಮಾತಾಡಲಿಲ್ಲ. (ಮಗಳ ಆಣೆ ಇದೆಯಲ್ಲ.) ಕೈ ಮಾತ್ರ ಇನ್ನೊಮ್ಮೆ ‘ಡಬ್’ ಎಂದಿತು.

ನಂಜುಂಡಯ್ಯನವರ ಮುಖ ಕೆಂಪಾಯಿತು. “ನಮ್ಮನೆ ಗೋಡೆ ಪರೀಕ್ಷೆ ಮಾಡ್ತಾ ಇದೀರಲ್ಲ, ತಮ್ಮ ಮನೆ ಎಲ್ಲಿ ಕಟ್ಟಿಸಿದೀರಿ?”

“ಇಲ್ಲ ಸಾರ್” ಎಂದರು ಇವರು, ಮೆತ್ತಗೆ. “ಕಟ್ಟಿಸಿದ್ದೆಲ್ಲ ಊರವರಿಗೆ.”

ನನ್ನ ಕಣ್ಣಮುಂದೆ ಸಕ್ಕರೆ ಡಬ್ಬಿ ಬಂತು.

ಅಲ್ಲ, ನನಗೊಂದು ಅರ್ಥವಾಗುವುದಿಲ್ಲ. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನಡೆಸಿ ನೋಡುತ್ತಾರೆ. ಹಾಡಿಸಿ ನೋಡುತ್ತಾರೆ. ಜಡೆ ಸ್ವಂತದ್ದೋ ಚೌರಿಯೋ ಅಂತ ಹಿಡಿದೂ ನೋಡುತ್ತಾರೆ. ನಾವು ಉಪ್ಪಿಟ್ಟು ಕೊಟ್ಟು ನಗುತ್ತಾ ನಿಂತಿರುತ್ತೇವೆ. ಗೋಡೆಯನ್ನು ಎರಡು ಸಲ ತಟ್ಟಿದರೆ ಅವಮಾನವೇ? (ಅಲ್ಲಿ ಹೇಳಲು ಸಿಸ್ಟರ್‌ಗಳು ಕಲಿಸಿದ ಮರ್ಯಾದೆ ಅಡ್ಡ ಬಂತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.)

ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಲ್ಲಿ ಹುಡುಗನ ತಾಯಿ ಸಾವಿತ್ರಮ್ಮ ಕಾಣಿಸಿಕೊಂಡರು.

“ಆ ಮೂಲೇಲಿ ತಾನೆ? ಕ್ಯಾಲೆಂಡರ್ ಮೊಳೆ ನಿಲ್ಲಲ್ಲ, ನಿಲ್ಲಲ್ಲ ಅಂತ ಎಷ್ಟು ಬಡ್ಕೊಂಡೆ. ನಿಂಗೆ ಮೊಳೆ ಹೊಡಿಯೋಕೆ ಬರಲ್ಲ ಅಂದ್ರಿ.” ಗಂಡನಿಗೆ ಇಷ್ಟು ಹೇಳಿ ಇವರ ಕಡೆ ತಿರುಗಿದರು. “ನೀವು ಹೇಳಿ, ಒಳಗೆ ಟೊಳ್ಳು ತಾನೆ?”

ಇವರು ನನ್ನ ಮುಖ ನೋಡಿದರು. ನಾನು ಕ್ಯಾಲೆಂಡರ್ ನೋಡಿದೆ. ಅದು ಕಿಟಕಿಯ ಸರಳಿಗೆ ನೇತಾಡುತ್ತಿತ್ತು.

“ಹೇಳಲ್ಲ ಅವರು, ಪಾಪ. ಮರ್ಯಾದಸ್ಥರು” ಎಂದರು ಸಾವಿತ್ರಮ್ಮ. “ಕಟ್ಟಿದ್ದು ನಮ್ಮ ಮನೆಯವರ ಸೋದರತ್ತೆ ಮಗ. ಅವನ ಕೆಲಸದ ಬಗ್ಗೆ ಈ ಮನೇಲಿ ಯಾರೂ ಉಸಿರೆತ್ತೋ ಹಾಗಿಲ್ಲ.”

ನಂಜುಂಡಯ್ಯ ಎದ್ದರು. ತಾವೇ ತಟ್ಟಿದರು. ಡಬ್. ಒಂದು ಮಾರು ಆಚೆ ತಟ್ಟಿದರು. ಟಕ್. ಮತ್ತೆ ಈಚೆ ಬಂದರು. ಡಬ್.

ಆಗ, ಅಷ್ಟು ಹೊತ್ತೂ ರೇಡಿಯೋ ಪಕ್ಕ ಸುಮ್ಮನೆ ಕೂತಿದ್ದ ಮೂರ್ತಿ ಹೇಳಿದ: “ಮಾವ, ನನ್ನ ರೂಮಿನ ಗೋಡೆನೂ ಒಂದ್ಸಲ ನೋಡ್ಬಿಡಿ.”

ಮಾವ.

ಆಡಿದ ಮೇಲೆ ಅವನಿಗೇ ಕೇಳಿಸಿತು. ಕಿವಿ ಎರಡೂ ನೆಲದ ಬಣ್ಣಕ್ಕೆ ತಿರುಗಿದವು. ಸಾವಿತ್ರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಂಜುಂಡಯ್ಯ ಮಗನನ್ನು ನೋಡಿದರು, ಗೋಡೆಯನ್ನು ನೋಡಿದರು.

“ಇವನು ಮಾವ ಅಂತ ಅಂದೇಬಿಟ್ಟ. ಇನ್ನೇನು ಹೇಳ್ಲಿ ನಾನು? ಸಾರ್, ಮದುವೆ ಒಳಗೆ ಈ ಗಾರೆ ಕೆತ್ತಿಸಿ ಹೊಸದು ಮಾಡಿಸ್ಬೇಕು. ನೀವೇ ಬಂದು ನಿಂತ್ಕೋಬೇಕು.”

ರಿಟೈರಾದ ದಿನ ಇವರಿಗೆ ಹಾರ ಹಾಕಿ ಭಾಷಣ ಮಾಡಿದ್ದರು. ಆವತ್ತು ಈ ಮುಖದಲ್ಲಿ ಇಷ್ಟು ಬೆಳಕು ಇರಲಿಲ್ಲ.

ವಿಮಲಾ ಗೇಟಿನಲ್ಲೇ ಕಾಯುತ್ತಿದ್ದಳು. “ಮನೆ ಬಗ್ಗೆ ಒಂದು ಮಾತೂ ಆಡ್ಲಿಲ್ಲ ಕಣೇ, ಬೇಕಾದ್ರೆ ನಿಮ್ಮಮ್ಮನ್ನ ಕೇಳು” ಎಂದು ಹೇಳಿ ಇವರು ಒಳಗೆ ಹೋಗಿ ಹಳೆಯ ಟೋಪಿಯ ಧೂಳು ಕೊಡವತೊಡಗಿದರು. ಗಾರೆ ಕೆಲಸಕ್ಕೆ ನಿಲ್ಲಬೇಕಲ್ಲ.

ನಾನು ಬಿಡಲಿಲ್ಲ. “ರೀ, ಹೊರಡುವಾಗ ಹುಡುಗನ ಬೆನ್ನು ತಟ್ಟಿದ್ರಲ್ಲ, ಆಶೀರ್ವಾದವೇನು?”

“ಆಶೀರ್ವಾದವೂ ಹೌದು” ಎಂದರು. “ಗಟ್ಟಿ ಇದಾನೆ ಕಣೇ. ಎಲ್ಲೂ ಟೊಳ್ಳಿಲ್ಲ.”

ನಮ್ಮ ತಂದೆ ಪೋಸ್ಟಾಫೀಸಿನವರು. ಅಳಿಯನ ವಿಳಾಸವನ್ನಷ್ಟೇ ನೋಡಿ ನನ್ನನ್ನು ಕೊಟ್ಟುಬಿಟ್ಟರು. (ವರ್ಗದ ಮೇಲೆ ವರ್ಗವಾಗಿ ಆ ವಿಳಾಸವೂ ನಿಲ್ಲಲಿಲ್ಲ ಅನ್ನಿ.) ಅವರೂ ಆವತ್ತು ಇವರನ್ನೊಮ್ಮೆ ತಟ್ಟಿ ನೋಡಿದ್ದರೆ, ಯಾವ ಸದ್ದು ಬರುತ್ತಿತ್ತು ಅಂತೀರಿ?