ನಾನು ಸೇರಿಸುತ್ತಿದ್ದ ನಮಸ್ಕಾರಗಳು

ತೊಂಬತ್ತರ ದಶಕದ ಕೊನೆಯ ಎರಡು ವರ್ಷ ನಾನು ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಆಫೀಸಿನಲ್ಲಿ, ತಿರುಗುವ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದೆ. ತಿರುಗುವ ಕುರ್ಚಿ ಅಂದರೆ ದೊಡ್ಡ ಹುದ್ದೆ ಎಂದು ನಮ್ಮ ಮನೆಯಲ್ಲಿ ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ. ನಿಜ ಏನೆಂದರೆ ನನ್ನ ಬಲಕ್ಕೊಂದು, ಎಡಕ್ಕೊಂದು ಕಂಪ್ಯೂಟರ್ ಇತ್ತು. ಒಂದರಲ್ಲಿ ಬಂದದ್ದನ್ನು ಓದಿ ಇನ್ನೊಂದರಲ್ಲಿ ಟೈಪ್ ಮಾಡುವುದೇ ನನ್ನ ಕೆಲಸ. ಕುರ್ಚಿ ತಿರುಗದಿದ್ದರೆ ನನ್ನ ಕತ್ತು ಉಳಿಯುತ್ತಿರಲಿಲ್ಲ.

ಅಕ್ಕಿ ಗಿರಣಿ, ಎಣ್ಣೆ ಗಿರಣಿಗಳಿಗೆ ಬೇಕಾಗುವ ಶಾಫ್ಟು, ಬುಷ್ಷು, ಪುಲ್ಲಿಗಳನ್ನು ತಯಾರಿಸುವ ಸಣ್ಣ ಕಂಪನಿ ಅದು. ತಯಾರಿಸುವುದು ಹರಿಹರದ ಶೆಡ್ಡಿನಲ್ಲಿ, ಮಾರುವುದು ದಾವಣಗೆರೆಯಲ್ಲಿ. ಯಜಮಾನರು ಎರಡೂ ಕಡೆ ಕಂಪ್ಯೂಟರ್ ಹಾಕಿಸಿದ್ದರು. ಆದರೆ ಬೇರೆ ಬೇರೆ ವರ್ಷ, ಬೇರೆ ಬೇರೆ ಅಂಗಡಿಯಿಂದ. ದಾವಣಗೆರೆಯ ಯಂತ್ರಗಳಲ್ಲಿ ಒಬ್ಬರಿಗೊಬ್ಬರು ಸಂದೇಶ ಕಳಿಸುವ ಒಂದು ಪ್ರೋಗ್ರಾಂ ಇತ್ತು, ಹರಿಹರದವುಗಳಲ್ಲಿ ಇನ್ನೊಂದು. ಅದರ ಮಾತು ಇದಕ್ಕೆ ತಿಳಿಯದು, ಇದರದ್ದು ಅದಕ್ಕೆ ತಿಳಿಯದು. ಹಾಗಾಗಿ ಹರಿಹರದ ಜಾತಿಯ ಒಂದು ಕಂಪ್ಯೂಟರನ್ನು ತಂದು ನನ್ನ ಎಡಕ್ಕಿಟ್ಟು, ಮೋಡೆಮ್ಮಿನಿಂದ ಫೋನ್ ಲೈನಿಗೆ ಜೋಡಿಸಿ, ಎರಡರ ನಡುವೆ ನನ್ನನ್ನು ಕೂಡಿಸಿದ್ದರು.

ಫೋನಿನಲ್ಲೇ ಮಾತಾಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಮಾತಾಡಿ ನೋಡಿಯಾಗಿತ್ತು. ದಾವಣಗೆರೆಯ ಸೇಲ್ಸ್ ಮ್ಯಾನೇಜರು ಮತ್ತು ಹರಿಹರದ ಶೆಡ್ಡಿನ ಮೇಲ್ವಿಚಾರಕರು ಫೋನ್ ಹಿಡಿದರೆ ಎರಡನೇ ನಿಮಿಷಕ್ಕೆ ಒಬ್ಬರು ರಿಸೀವರ್ ಕುಕ್ಕುತ್ತಿದ್ದರು. ಕೊನೆಗೆ ಯಜಮಾನರೇ, ಇನ್ನು ಮುಂದೆ ಏನಿದ್ದರೂ ಬರೆದು ಕಳಿಸಿ ಎಂದು ಇಬ್ಬರಿಗೂ ತಾಕೀತು ಮಾಡಿದ್ದರು.

ಮ್ಯಾನೇಜರು ಇಸ್ತ್ರಿ ಕೆಡದ ಬಿಳಿ ಅಂಗಿಯವರು, ಹಣೆಯಲ್ಲಿ ತೆಳುವಾಗಿ ವಿಭೂತಿ. ಗಿರಾಕಿಗಳ ಮುಂದೆ ಜೇನಿನಂತೆ ಮಾತಾಡಿ, ಆ ಜೇನೆಲ್ಲ ಖರ್ಚಾದ ಮೇಲೆ ಸಂದೇಶ ಬರೆಯಲು ಕೂಡುತ್ತಿದ್ದರು. ಹರಿಹರದವರು ಲೇತ್ ಮಷೀನಿನ ಮುಂದೆ ನಿಂತು ಕೆಲಸ ಕಲಿತು ಮೇಲೆ ಬಂದ ಹಿರಿಯರು. ಶೆಡ್ಡಿನವರೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದರು, ನಾವೂ ಅನ್ನುತ್ತಿದ್ದೆವು. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರಿಂದ ಒಂದು ಅಕ್ಷರವನ್ನೂ ಮರ್ಯಾದೆಗೆಂದು ಪೋಲು ಮಾಡುವವರಲ್ಲ. ಇಬ್ಬರೂ ಬರೆಯುತ್ತಿದ್ದದ್ದು ಇಂಗ್ಲಿಷ್ ಅಕ್ಷರದ ಕನ್ನಡ. ಆ ಯಂತ್ರಗಳಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಮ್ಯಾನೇಜರಿಂದ ಒಂದು ಸಂದೇಶ ಬಂತು. ಶಾಫ್ಟ್ ಎಲ್ಲಿ, ಎಂಟು ದಿನ ಆಯಿತು, ಎಲ್ಲರೂ ಸೇರಿ ನಿದ್ದೆ ಹೊಡೆಯುತ್ತಿದ್ದೀರೇನು ಎಂದಿತ್ತು. ಎಡಕ್ಕೆ ತಿರುಗಿದೆ. ಬೆರಳು ಮುಂದೆ ಹೋಗಲಿಲ್ಲ. ನನ್ನ ಅಪ್ಪನ ವಯಸ್ಸಿನವರಿಗೆ ನನ್ನ ಕೈಯಾರೆ ಹೀಗೆ ಬರೆಯುವುದು ಹೇಗೆ? ‘ನಮಸ್ಕಾರ. ಶಾಫ್ಟ್ ಯಾವಾಗ ಕಳಿಸಬಹುದು? ನಿಮಗೂ ಕೆಲಸ ಬಹಳ ಇರಬೇಕು’ ಎಂದು ಟೈಪ್ ಮಾಡಿದೆ. ಚಾಚಾನ ಉತ್ತರ ಬಂತು: ಡ್ರಾಯಿಂಗ್ ನೋಡಲು ಬಾರದವರು ಮಾರಲು ಯಾಕೆ ಹೋಗಬೇಕು, ಅಳತೆಯೇ ತಪ್ಪಿದೆ. ಬಲಕ್ಕೆ ತಿರುಗಿ, ‘ಸಾರ್, ಅಳತೆ ಇನ್ನೊಮ್ಮೆ ನೋಡಿ ತಿಳಿಸಿದರೆ ಉಪಕಾರ’ ಎಂದು ಹಾಕಿದೆ. ಮ್ಯಾನೇಜರು ಓದಿ, ಪರವಾಗಿಲ್ಲ, ಮನುಷ್ಯ ಸುಧಾರಿಸಿದ್ದಾನೆ ಎಂದರು.

ಅಲ್ಲಿಂದ ನನಗೆ ಚಟ ಹತ್ತಿತು. ಒಂದು ಬೆಳಿಗ್ಗೆ ಚಾಚಾ ತಡವಾಗಿ ಬಂದವರು, ಮಂಡಿ ನೋವಿನಿಂದ ಮೆಟ್ಟಿಲು ಇಳಿಯಲಾಗಲಿಲ್ಲ ಎಂದು ಬರೆದರು. ಮ್ಯಾನೇಜರಿಗೆ ಅದನ್ನು ದಾಟಿಸಿದರೆ ಏನು ಬರುತ್ತದೆಂದು ಗೊತ್ತಿತ್ತು. ಆದ್ದರಿಂದ ದಾಟಿಸದೆ, ನೋವು ಈಗ ಹೇಗಿದೆ ಎಂದು ಮ್ಯಾನೇಜರ ಹೆಸರಿನಲ್ಲಿ ನಾನೇ ಕೇಳಿದೆ. ಚಾಚಾ ನಾಲ್ಕು ಸಾಲು ಉತ್ತರ ಬರೆದರು. ಒಂದು ಬೆರಳಿನ ನಾಲ್ಕು ಸಾಲು. ಮರುದಿನ ಕೇಳದೆ ಬಿಡುವುದು ಹೇಗೆ? ಆಮೇಲೆ ಅವರ ಕಿರಿಯ ಮಗಳ ಪರೀಕ್ಷೆ ಬಂತು, ಪಾಸಾದದ್ದಕ್ಕೆ ಅಭಿನಂದನೆ ಹೋಯಿತು. ಈ ಕಡೆ ಮ್ಯಾನೇಜರಿಗೂ ಚಾಚಾನ ಹೆಸರಿನಲ್ಲಿ ಊಟದ ವಿಚಾರಣೆ, ಒಳ್ಳೆಯ ಆರ್ಡರು ತಂದಾಗ ಶಭಾಷ್‌ಗಿರಿ ಸಲ್ಲುತ್ತಿತ್ತು. ಕೆಲಸದ ಮಾತಿನಲ್ಲಿ, ಅಳತೆಯಲ್ಲಿ, ಲೆಕ್ಕದಲ್ಲಿ ಒಂದು ಚುಕ್ಕೆಯನ್ನೂ ನಾನು ಬದಲಿಸಿದವಳಲ್ಲ. ನಡುವಿನ ಜಾಗದಲ್ಲಿ ಮಾತ್ರ ಸ್ವಲ್ಪ ಎಣ್ಣೆ ಬಿಡುತ್ತಿದ್ದೆ. ಆಫೀಸು ನನ್ನಿಂದಲೇ ನಡೆಯುತ್ತಿದೆ ಎಂಬ ಭ್ರಮೆ ಆಗ ನನಗೆ ಚೆನ್ನಾಗಿಯೇ ಇತ್ತು.

ಎರಡನೇ ವರ್ಷ ಯಜಮಾನರು ಕೆ.ಬಿ. ಬಡಾವಣೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಒಬ್ಬ ಮೇಷ್ಟ್ರನ್ನು ಕರೆತಂದರು. ಎರಡು ಪ್ರೋಗ್ರಾಮುಗಳ ಸಂದೇಶವನ್ನೂ ತಾನೇ ಆಚೆ ಈಚೆ ದಾಟಿಸುವ ಒಂದು ಸಾಫ್ಟ್‌ವೇರನ್ನು ಅವರು ಬರೆದಿದ್ದರು. ಮೂರು ದಿನ ನನ್ನ ಮೇಜಿನಡಿ ತೂರಿಕೊಂಡು ವೈರು ಜೋಡಿಸಿದರು. ಎದ್ದು ಕೈ ಒರೆಸಿಕೊಳ್ಳುತ್ತ, ಇನ್ನು ನೀವು ಆರಾಮ ಮೇಡಂ, ಅಲ್ಲಿ ಒತ್ತಿದ್ದು ಇಲ್ಲಿ, ಇಲ್ಲಿ ಒತ್ತಿದ್ದು ಅಲ್ಲಿ, ಒಂದಕ್ಷರ ಹೆಚ್ಚಿಲ್ಲ ಕಮ್ಮಿಯಿಲ್ಲ ಎಂದರು. ಯಜಮಾನರು ನನ್ನನ್ನು ಅದೇ ಹಾಲಿನ ಮೂಲೆಗೆ, ಮಾಲು ರವಾನೆಯ ಕಾಗದ ಬರೆಯುವ ಮೇಜಿಗೆ ಕಳಿಸಿದರು. ಅಲ್ಲಿಯ ಕುರ್ಚಿ ತಿರುಗುತ್ತಿರಲಿಲ್ಲ.

ಯುದ್ಧವಾಗುತ್ತದೆಂದು ಕಾದೆ. ಮ್ಯಾನೇಜರು ತಮ್ಮ ಮಾಮೂಲಿ ಧಾಟಿಯಲ್ಲಿ ಬರೆದರು, ಚಾಚಾ ತಮ್ಮ ಧಾಟಿಯಲ್ಲಿ ಉತ್ತರಿಸಿದರು. ಮ್ಯಾನೇಜರು ಪರದೆಯನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ವಾರವಿಡೀ ಹಾಗೇ ನಡೆಯಿತು. ಕೊನೆಗೆ ಅವರು ಯಜಮಾನರ ಬಳಿ ಹೋಗಿ, ಈ ಸಾಫ್ಟ್‌ವೇರು ಅಕ್ಷರ ನುಂಗುತ್ತಿದೆ, ಚಾಚಾ ಮೊದಲು ಎಷ್ಟು ಗೌರವದಿಂದ ಬರೆಯುತ್ತಿದ್ದರು, ಈಗ ಆ ಭಾಗವೆಲ್ಲ ಬರುವುದೇ ಇಲ್ಲ ಎಂದು ದೂರು ಕೊಟ್ಟರು. ಅದೇ ದಿನ ಹರಿಹರದಿಂದಲೂ ಅದೇ ದೂರು ಬಂದಿತ್ತು: ಸಂದೇಶದ ತಲೆ ಬಾಲ ಎಲ್ಲೋ ಕತ್ತರಿಸಿ ಹೋಗುತ್ತಿವೆ.

ಮೇಷ್ಟ್ರನ್ನು ಮತ್ತೆ ಕರೆಸಿದರು. ಅವರು ಮಧ್ಯಾಹ್ನವೆಲ್ಲ ಪರೀಕ್ಷೆ ಮಾಡಿದರು. ದಾವಣಗೆರೆಯಿಂದ ‘ನಮಸ್ಕಾರ’ ಎಂದು ಕಳಿಸಿ, ಶೆಡ್ಡಿಗೆ ಫೋನ್ ಮಾಡಿ ಕೇಳಿದರೆ ಪೂರ್ತಿ ನಮಸ್ಕಾರ ಹೋಗಿ ಮುಟ್ಟಿತ್ತು. ಅವರು ಮ್ಯಾನೇಜರ ಕಡೆ ತಿರುಗಿ, "ಕಳಿಸಿದ್ರೆ ಹೋಗ್ತೈತೆ ಸಾರ್. ಕಳಿಸ್ಬೇಕು ಅಷ್ಟೆ" ಎಂದರು. ನಾನು ರವಾನೆ ಕಾಗದದ ಮೇಲೆ ಇನ್ನಷ್ಟು ಬಗ್ಗಿಕೊಂಡೆ.

ಮರುದಿನ ಹನ್ನೊಂದರ ಹೊತ್ತಿಗೆ ಚಾಚಾ ತಾವೇ ಬಸ್ಸು ಹತ್ತಿ ಬಂದರು. ನಮ್ಮ ಆಫೀಸು ಇದ್ದದ್ದು ಒಂದು ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದವರು ಮ್ಯಾನೇಜರ ಎದುರು ನಿಂತರು. ಜಗಳಕ್ಕೇ ಬಂದಿದ್ದಾರೆಂದು ಎಲ್ಲರೂ ಕೈಲಿದ್ದ ಕೆಲಸ ನಿಲ್ಲಿಸಿದೆವು. ಮ್ಯಾನೇಜರೂ ಹಾಗೇ ಅಂದುಕೊಂಡು ನೆಟ್ಟಗೆ ಕೂತರು.

"ನನ್ನಿಂದ ಏನಾರ ತಪ್ಪಾಗೈತೇನ್ರಿ?" ಎಂದು ಚಾಚಾ ಮೆಲ್ಲಗೆ ಕೇಳಿದರು. "ಒಂದ್ ವರ್ಸದಿಂದ ದಿನಾ ನನ್ ಮಂಡಿ ವಿಚಾರ್ಸ್ತಿದ್ರಿ. ವಾರ ಆತು, ಒಂದ್ ಮಾತಿಲ್ಲ. ನಿಮಗೇ ಮೈಯಾಗೆ ಹುಷಾರಿಲ್ಲೇನೋ ಅಂತ ನೋಡ್ಕೊಂಡ್ ಹೋಗೋಕೆ ಬಂದೆ."

ಮ್ಯಾನೇಜರಿಗೆ ಯಾವ ಮಂಡಿಯೆಂದೇ ತಿಳಿಯಲಿಲ್ಲ. ಆಮೇಲೆ ಅವರ ಕಣ್ಣು ನಿಧಾನವಾಗಿ ಹಾಲಿನ ಉದ್ದಕ್ಕೂ ಹರಿದು ನನ್ನ ಮೂಲೆಗೆ ಬಂದು ನಿಂತಿತು. ಕೆಲಸ ಹೋಯಿತು ಎಂದುಕೊಂಡೆ. ಮನೆಯಲ್ಲಿ ಏನು ಹೇಳುವುದು ಎಂಬಲ್ಲಿಯವರೆಗೂ ಯೋಚನೆ ಓಡಿತು. ಅವರು ಎದ್ದು ಎದುರಿಗಿದ್ದ ಕುರ್ಚಿಯನ್ನು ಎಳೆದರು.

"ಕೂಡ್ರಿ ಚಾಚಾ, ನಿಂತ್ಕಬ್ಯಾಡ್ರಿ. ಮಂಡಿ ಹೆಂಗೈತೆ ಈಗ?"

ಚಾಚಾ ಅರ್ಧ ಗಂಟೆ ಹೇಳಿದರು. ಎಣ್ಣೆ, ಕಷಾಯ, ಇಂಜೆಕ್ಷನ್ನು, ಎಲ್ಲ. ಚಹಾ ಬಂತು, ಮಂಡಕ್ಕಿ ಮಿರ್ಚಿ ಬಂತು. ಅವರು ಸಮಾಧಾನದಿಂದ ಹೊರಟ ಮೇಲೆ ಮ್ಯಾನೇಜರು ನನ್ನನ್ನು ಪಕ್ಕದ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

"ಅಲ್ಲಮ್ಮ, ನಾನು ಇನ್ನೂ ಏನೇನ್ ಕೇಳೀನಿ ಅವರನ್ನ?"

ಮಗಳ ಪರೀಕ್ಷೆ ಹೇಳಿದೆ. ಅಭಿನಂದನೆ ಹೇಳಿದೆ. ತಪ್ಪಾಯಿತು ಎಂದೆ. ಅವರು ತಪ್ಪಿನ ಮಾತು ಎತ್ತಲೇ ಇಲ್ಲ. ಚಾಚಾ ತಮ್ಮನ್ನು ಹೊಗಳಿದ್ದರಲ್ಲಿ ನಿಜವಾದದ್ದು ಎಷ್ಟು ಎಂದು ಕೇಳಿದರು. ಅಳತೆ, ಲೆಕ್ಕ ಮಾತ್ರ ಅವರದ್ದು ಎಂದೆ. ಅವರು ಅಂಗಿಯ ತೋಳು ಸರಿಮಾಡಿಕೊಂಡು, ಇರಲಿ ಬಿಡು ಎಂದರು.

"ಮಾತು ಗೀತು ಏನಾರ ಕೊಟ್ಟಿದೀಯೇನು, ನನ್ನ ಹೆಸರಲ್ಲಿ?"

"ದೊಡ್ಡ ಮಗಳ ಮದುವೆಗೆ ಮನೆಮಂದಿ ಸಮೇತ ಬರ್ತೀನಿ ಅಂದೀರಿ ಸಾರ್."

ಅವರು ಕ್ಯಾಲೆಂಡರಿನ ಕಡೆ ನೋಡಿದರು. ಮದುವೆಗೆ ಇನ್ನು ಹದಿನೈದು ದಿನವಿತ್ತು.

ಅಂದಿನಿಂದ ಮ್ಯಾನೇಜರು ಮರ್ಯಾದೆಯನ್ನು ತಾವೇ ಟೈಪ್ ಮಾಡಲು ಹೊರಟರು. ಮೊದಲ ಬೆಳಿಗ್ಗೆಯೇ ಎಡವಟ್ಟಾಯಿತು. ‘ಮಂಡಿ ಹೇಗಿದೆ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ಚಾಚಾ ‘ಮಂದಿ’ ಎಂದು ಓದಿಕೊಂಡರು. ಎಲ್ಲರೂ ಬಂದಿದ್ದಾರೆ, ಇಬ್ಬರು ಮಾತ್ರ ರಜೆ, ಒಬ್ಬನು ದೇವರಿಗೆಂದು ಉಕ್ಕಡಗಾತ್ರಿಗೆ ಹೋಗಿದ್ದಾನೆ, ಇನ್ನೊಬ್ಬನ ಸುದ್ದಿಯಿಲ್ಲ ಎಂದು ಉತ್ತರ ಬಂತು. ಮ್ಯಾನೇಜರು ನನ್ನನ್ನು ಕರೆದು ಪರದೆ ತೋರಿಸಿ, ಈ ಮನುಷ್ಯನಿಗೆ ಒಟ್ಟು ಎಷ್ಟು ಮಂಡಿ ಎಂದು ಕೇಳಿದರು. ಎರಡನೇ ದಿನ ‘ಕಾಲು ನೋವು’ ಎಂದು ಬರೆಯಲು ಹೇಳಿಕೊಟ್ಟೆ. ಅದಾದ ಮೇಲೆ ಅವರಿಗೆ ಕೈ ಕೂಡಿತು. ಆದರೆ ಎಣ್ಣೆ ಬಿಡುವ ಅಂದಾಜು ಅವರಿಗಿರಲಿಲ್ಲ. ‘ಕಾಲು ನೋವು ಹೇಗಿದೆ, ನಲವತ್ತು ಬುಷ್ ಇವತ್ತೇ ಬೇಕು’ ಎಂದು ಒಂದೇ ಉಸಿರಿಗೆ ಬರೆಯುತ್ತಿದ್ದರು. ಚಾಚಾ ಅದರಿಂದಲೂ ಸಂತೋಷಪಟ್ಟರು.

ಮದುವೆಗೆ ಮ್ಯಾನೇಜರು ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಹರಿಹರಕ್ಕೆ ಬಂದರು. ನಾನೂ ಹೋಗಿದ್ದೆ. ಮಾಂಸ ತಿನ್ನದ ನಮ್ಮಂಥವರಿಗೆಂದು ಬೇರೆ ಅಡುಗೆಯವರನ್ನು ಕರೆಸಿ ಹೋಳಿಗೆ ಮಾಡಿಸಿದ್ದರು. ಚಾಚಾ ಮ್ಯಾನೇಜರ ಕೈ ಹಿಡಿದು ನೆಂಟರೊಬ್ಬೊಬ್ಬರ ಮುಂದೆಯೂ ನಿಲ್ಲಿಸಿ, ನನ್ನ ಒಡಹುಟ್ಟಿದವರೂ ಇಷ್ಟು ವಿಚಾರಿಸಿಲ್ಲ ಎಂದು ಹೇಳಿದರು. ಮೊದಲ ಮೂವರ ಮುಂದೆ ಮ್ಯಾನೇಜರು ನೆಲ ನೋಡಿದರು. ನಾಲ್ಕನೆಯವರ ಹೊತ್ತಿಗೆ, ಅದರಲ್ಲೇನಿದೆ ಬಿಡಿ, ನಾವು ಅಣ್ಣತಮ್ಮಂದಿರಿದ್ದಂತೆ ಎನ್ನತೊಡಗಿದ್ದರು. ಅವರ ಹೆಂಡತಿ ಬೆರಗಾಗಿ ನನ್ನ ಕಿವಿಯಲ್ಲಿ, ಮನೆಯಲ್ಲಿ ಇವರು ಯಾರ ಆರೋಗ್ಯವನ್ನೂ ಕೇಳುವವರಲ್ಲ, ಆಫೀಸಿನಲ್ಲಿ ಹೀಗಿರುತ್ತಾರೇನು ಎಂದರು. ಬಹಳ ಒಳ್ಳೆಯವರು ಅಮ್ಮಾ ಎಂದೆ. ಅಷ್ಟು ಹೊತ್ತಿಗೆ ಅದು ಸುಳ್ಳಾಗಿ ಉಳಿದಿರಲಿಲ್ಲ.

ಮುಂದಿನ ಸೋಮವಾರ ಒಂದು ಪುಲ್ಲಿಯ ಅಳತೆಗೆ ಇಬ್ಬರೂ ಪರದೆಯ ಮೇಲೆ ಕಾದಾಡಿದರು. ಮಧ್ಯಾಹ್ನದ ಊಟದವರೆಗೂ ನಡೆಯಿತು. ಇಬ್ಬರ ಮಾತೂ ಬಹಳ ಖಾರವಾಗಿತ್ತು. ಒಂದಕ್ಷರವೂ ಹೆಚ್ಚು ಕಮ್ಮಿಯಾಗದೆ ಆಚೆ ಈಚೆ ಹೋಗಿ ಮುಟ್ಟಿತು. ಸಾಫ್ಟ್‌ವೇರಿನ ಮೇಲೆ ಯಾರೂ ದೂರು ಹೇಳಲಿಲ್ಲ. ಮೂರು ಗಂಟೆಗೆ ಮ್ಯಾನೇಜರು ತಾವೇ ಹರಿಹರದ ಬಸ್ಸು ಹತ್ತಿ ಹೋಗಿ, ಪುಲ್ಲಿ ಅಳೆಸಿ, ಚಾಚಾ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡು ಸಂಜೆ ವಾಪಸು ಬಂದರು.