ಹಗೇವಿನ ಮೇಲೆ ಮಲಗಿದ ರಾತ್ರಿ

ನೀವು ನಂಬಲೇಬೇಕೆಂದು ಇದನ್ನು ಹೇಳುತ್ತಿಲ್ಲ. ಆದರೆ ಆ ರಾತ್ರಿ ನನ್ನ ಕಿವಿಗೆ ಬಿದ್ದದ್ದು ಸುಳ್ಳಲ್ಲ.

ನಾನು ಟೈಲ್ಸ್ ಕೆಲಸದವನು. ಹೋದ ಬೇಸಿಗೆಯಲ್ಲಿ ಜಗಳೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಹಳೇ ಗೌಡರ ಮನೆಗೆ ಹೊಸ ನೆಲ ಹಾಸಲು ಹೋಗಿದ್ದೆ. ಅದು ನನ್ನ ಅವ್ವನ ತವರೂರು. ಮದುವೆಯಾದ ಮೇಲೆ ಅವಳು ಮಾತ್ರ ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಕೊನೇ ಬಸ್ ತಪ್ಪಿತು. ಮೇಸ್ತ್ರಿ ಹನುಮಂತಣ್ಣ ಮತ್ತು ನಾನು ಪಡಸಾಲೆಯಲ್ಲೇ ಮಲಗಿದೆವು. ಹಳೇ ಕಲ್ಲು ಕಿತ್ತ ಜಾಗದಲ್ಲಿ ದುಂಡನೆಯ ಚಪ್ಪಡಿಯೊಂದು ಕಾಣಿಸಿತ್ತು. ಹಗೇವಿನ ಬಾಯಿ ಅದು, ಹಿಂದೆ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಗುಂಡಿ ಎಂದು ಮೇಸ್ತ್ರಿ ಹೇಳಿದ್ದರು.

ನಡುರಾತ್ರಿ ಎಚ್ಚರವಾಯಿತು. ಮುಗ್ಗಲು ಜೋಳದ ವಾಸನೆ... ಆಮೇಲೆ ಕೆಮ್ಮು. ನನ್ನ ಕೆಳಗಿನಿಂದ.

ಬಿಳಿ ಸೀರೆ, ಗೆಜ್ಜೆ ಸದ್ದು, ತಾನಾಗೇ ತೆರೆಯುವ ಬಾಗಿಲು... ಅಂಥದ್ದೇನೂ ಇರಲಿಲ್ಲ. ಒಬ್ಬ ಗಂಡಸು ಉಸಿರಿಗಾಗಿ ಒದ್ದಾಡುತ್ತಿದ್ದ, ಅಷ್ಟೇ.

"ಹಗ್ಗ ಎಳೀರಿ ಗೌಡ್ರೇ... ಹಗ್ಗ..."

ಮೇಸ್ತ್ರಿಯನ್ನು ಅಲುಗಿಸಿದೆ. "ಅಣ್ಣಾ, ಒಳಗೆ ಯಾರೋ ಅದಾರೆ."

"ವಾಸನೆ ಏನೋ ಬರ್ತೈತೆ. ಸದ್ದೇನಿಲ್ಲ, ಮಲಗಪ್ಪ."

ಹಾರೆ ತಂದು ಚಪ್ಪಡಿ ಎಬ್ಬಿಸಿದೆ. ಟಾರ್ಚ್ ಬಿಟ್ಟು ನೋಡಿದರೆ... ಗುಂಡಿಯೇ ಇಲ್ಲ. ಬಾಯಿಮಟ್ಟ ಮಣ್ಣು ತುಂಬಿತ್ತು. ಧ್ವನಿ ಮಾತ್ರ ಅದರೊಳಗಿಂದಲೇ ಬರುತ್ತಿತ್ತು, ಸಣ್ಣದಾಗುತ್ತಾ, ಸಣ್ಣದಾಗುತ್ತಾ... ಬೆಳಕು ಹರಿಯುವ ಹೊತ್ತಿಗೆ ನಿಂತಿತು.

ಮೊದಲ ಬಸ್ಸಿಗೆ ಮನೆಗೆ ಬಂದು ಅವ್ವನಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು.

"ನಿಮ್ಮಜ್ಜ ಜ್ವರ ಬಂದು ಸತ್ತ ಅಂದಿದ್ನಲ್ಲ... ಜ್ವರ ಅಲ್ಲಪ್ಪ. ಆ ಮನ್ಯಾಗೆ ಜೀತಕ್ಕಿದ್ದ. ಹಗೇವು ತೆಗೆದ್ರೆ ಗಾಳಿ ಆಡಾಕೆ ಬಿಡಬೇಕು, ಇಲ್ಲಾಂದ್ರೆ ಒಳಗೆ ಉಸಿರು ಕಟ್ತೈತೆ. ಅವತ್ತು ಜೋಳ ಒಯ್ಯಾಕೆ ಗಾಡಿ ಬಂದು ನಿಂತಿತ್ತಂತೆ. ಗೌಡ್ರು ಕಾಯ್ಲಿಲ್ಲ, ನಿಮ್ಮಜ್ಜನ್ನ ಒಳಗೆ ಇಳಿಸಿದ್ರು. ಹಗ್ಗ ಎಳೀರಿ ಅಂತ ಕೂಗಿದ್ನಂತೆ. ಮೊದಲು ಜೋಳದ ಪುಟ್ಟಿ ಕಳ್ಸು ಅಂದ್ರಂತೆ."

ಆಗ ಅವ್ವ ಮೂರು ತಿಂಗಳ ಕೂಸು.

ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ನಮ್ಮಪ್ಪನ ಧ್ವನಿ ನನಗೆ ಗೊತ್ತೇ ಇಲ್ಲ. ಹೆಂಗಿತ್ತು ಮಗಾ?"

"ಮೆತ್ತಗಿತ್ತವ್ವ," ಅಂದೆ.

ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಅಷ್ಟು ವರ್ಷ ಮಣ್ಣೊಳಗಿದ್ದದ್ದು ನನಗೇ ಯಾಕೆ ಕೇಳಿಸಿತೋ ತಿಳಿಯದು. ಅವ್ವ ಈಗಲೂ ಆಗಾಗ ಅದನ್ನೇ ಕೇಳುತ್ತಾಳೆ, ನಾನೂ ಅದನ್ನೇ ಹೇಳುತ್ತೇನೆ. ಅವನು ನಿಜಕ್ಕೂ ಹೇಗೆ ಕೂಗಿದ ಎಂಬುದನ್ನು ಮಾತ್ರ... ಇವತ್ತಿನವರೆಗೂ ಅವಳ ಮುಂದೆ ಹೇಳಲಾಗಿಲ್ಲ.