ಕಲ್ಲಾದ ಮಲ್ಲಣ್ಣನೂ ಹುಣಸೆಹಣ್ಣೂ

ನಿಮಗೆ ಎಂದಾದರೂ ಹೀಗಾಗಿದೆಯೇ, ಹೇಳಿ. ಸಾರಿಗೆ ಒಂದು ಚೂರು ಹುಣಸೆಹಣ್ಣು ಬೇಕೆಂದು ಭರಣಿಯ ಮುಚ್ಚಳ ತೆಗೆಯುತ್ತೀರಿ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕತ್ತಿ ಹಿಡಿದವನೊಬ್ಬ, ಅವನ ಹಿಂದೆ ತಲೆಯಿಲ್ಲದ ಕುದುರೆ, ಅದರ ಹಿಂದೆ ಒಬ್ಬ ಮಾಂತ್ರಿಕ, ಎಲ್ಲರೂ ಸಾಲಾಗಿ ಅಡಿಗೆಮನೆಗೆ ನುಗ್ಗುತ್ತಾರೆ. ನನಗೆ ಇವತ್ತು ಹಾಗಾಯಿತು. ಸಾರು ಒಲೆಯ ಮೇಲೇ ಬತ್ತಿಹೋಯಿತು. ನಮ್ಮ ಮನೆಯವರು ಬರೀ ಬೇಳೆ ಕಲಸಿಕೊಂಡು ಉಂಡು, ಮಾತಾಡದೆ ಪಡಸಾಲೆಯಲ್ಲಿ ಮಲಗಿದರು. ನನ್ನ ಅಡಿಗೆಯನ್ನು ಕುರಿತು ಅವರು ಆಡಬೇಕಾದ್ದನ್ನೆಲ್ಲ ಆಡಿ ಮುಗಿಸಿ ವರ್ಷಗಳಾದವು.

ಹೆಂಗಸರು ಮಧ್ಯಾಹ್ನ ಒಟ್ಟಿಗೆ ಕೂತರೆ ಸೀರೆ, ಸೊಸೆ, ಅಕ್ಕಪಕ್ಕದ ಮನೆಯ ಮಾತು ಎಂದು ಗಂಡಸರು ಪತ್ರಿಕೆಗಳಲ್ಲಿ ಬರೆಯುತ್ತಾರೆ. ಬರೆಯಲಿ. ಮಿಡಿಗೇಶಿಯಲ್ಲಿ ನನ್ನ ಅತ್ತೆಯ ಹಿತ್ತಲಲ್ಲಿ ನಾವು ಆಡುತ್ತಿದ್ದದ್ದು ರುಂಡ, ಮುಂಡ, ಮಾಟ.

ಹುಣಸೆ ಕಾಲ ಬಂದರೆ ಹಿತ್ತಲ ತುಂಬ ಕಾಯಿಯ ರಾಶಿ. ಒಬ್ಬಳು ಮರದ ಕೊಡತಿಯಿಂದ ಕುಟ್ಟಬೇಕು, ಉಳಿದವರು ನಾರು ಎಳೆದು ಬೀಜ ಬಿಡಿಸಬೇಕು. ಕೊಡತಿ ಯಾರ ಕೈಯಲ್ಲಿದೆಯೋ ಕತೆಯೂ ಅವಳದು. ತೋಳು ಸೋತಾಗ ಪಕ್ಕದವಳಿಗೆ ಕೊಡತಿ ದಾಟಿಸಿದರೆ ಕತೆಯೂ ದಾಟಿತು. ನಿಯಮಗಳು ಗಟ್ಟಿ. ಒಮ್ಮೆ ಇಟ್ಟ ಹೆಸರನ್ನು ಯಾರೂ ಬದಲಿಸಕೂಡದು. ಕೊನೆಯ ರಾಶಿ ಮುಗಿಯುವಷ್ಟರಲ್ಲಿ ಕತೆಯೂ ಮುಗಿಯಬೇಕು, ಅರ್ಧಕ್ಕೆ ಬಿಟ್ಟರೆ ಭರಣಿಯ ಹಣ್ಣಿಗೆಲ್ಲ ಹುಳು. ಸಿರಾದಿಂದ ಅತ್ತರು ಮಾರಲು ಬರುತ್ತಿದ್ದ ಫಾತಿಮಾಬಿ ಒಂದು ಗಳಿಗೆ ನೆರಳಿಗೆ ಕೂತು, ಕತೆಯೊಳಗೆ ಒಂದು ಜಿನ್ನನ್ನು ಬಿಟ್ಟು ಎದ್ದುಹೋಗುತ್ತಿದ್ದಳು. ಅದನ್ನು ಎಲ್ಲಿ ಕಟ್ಟಿಹಾಕುವುದೆಂದು ನಾವು ವಾರಗಟ್ಟಲೆ ಒದ್ದಾಡಬೇಕು.

ನಾನು ಕೊರಟಗೆರೆ ಕಡೆಯಿಂದ ಬಂದ ಹೊಸ ಸೊಸೆ. ಮೊದಲ ಸಲ ಕೊಡತಿ ನನ್ನ ಕೈಗೆ ಬಂದಾಗ "ಮಾಂತ್ರಿಕ ಭಯಂಕರವಾಗಿ ಕೆಮ್ಮಿದ" ಎಂದೆ. ಮುಂದೆ ಏನೂ ಹೊಳೆಯಲಿಲ್ಲ. ಮತ್ತೆ ಕೆಮ್ಮಿಸಿದೆ.

"ಏಮಮ್ಮಾ, ಅವುನ್ಗೆ ಕಷಾಯ ಕಾಸ್ಕೊಡೋರ್ಯಾರು, ನೀನಾ?" ಎಂದಳು ನರಸಮ್ಮ. ಪಾವಗಡದ ಕಡೆಯವಳು, ಹುಣಸೆ ಕೆಲಸಕ್ಕೆಂದೇ ವರ್ಷವೂ ಬರುತ್ತಿದ್ದಳು. ಅವಳಷ್ಟು ಚೆನ್ನಾಗಿ ಹೆದರಿಸುವವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಆ ವರ್ಷದ ಕತೆ ಶುರು ಮಾಡಿದವಳೂ ಅವಳೇ. "ನಿಡುಗಲ್ ಬೆಟ್ಟದ್ಮ್ಯಾಲೆ ಮಲ್ಲಣ್ಣ ಅಂತ ಒಬ್ಬ ಕತ್ತಿಯೋನು." ಅತ್ತೆ ಗಂಟಲು ಸರಿಮಾಡಿಕೊಂಡು, ಮತ್ತೆ ನಾರು ಎಳೆಯತೊಡಗಿದರು. ಇಟ್ಟ ಹೆಸರು ಇಟ್ಟದ್ದೇ.

ಪಕ್ಕದ ಮನೆಯ ಗಂಗಮ್ಮನ ಸರದಿ ಬಂತು. ಕತ್ತಿವರಸೆ ಹೇಳುವುದರಲ್ಲಿ ಅವಳದು ಎತ್ತಿದ ಕೈ. ಎಡಕ್ಕೆ ತಿರುಗಿದ್ದು, ಬಲಕ್ಕೆ ಬೀಸಿದ್ದು, ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಆದರೆ ಅವಳ ಬಾಯಲ್ಲಿ ಮಲ್ಲಣ್ಣ ಎಂಬ ಹೆಸರು ಬರಲೇ ಇಲ್ಲ. "ಆ ಕತ್ತಿಯೋರು" ಎನ್ನುತ್ತಿದ್ದಳು.

ನನಗೆ ನಗು ಬಂತು. "ಯಾಕಕ್ಕ, ಅವ್ನೇನು ನಿಮ್ಮ ಮಾವನಾ, ಅಷ್ಟು ಮರ್ಯಾದೆ?"

ಯಾರೂ ನಗಲಿಲ್ಲ. ನೀರು ತರಲು ಹೋದಾಗ ಅತ್ತೆ ಬಾವಿಯ ಹತ್ತಿರ ಹೇಳಿದರು: "ಅವಳ ಗಂಡನ ಹೆಸರು ಕಣಮ್ಮ ಅದು. ಪಾಪ, ನರಸಮ್ಮಂಗೆ ಹೆಂಗ್ ಗೊತ್ತಾಗ್ಬೇಕು."

ಗಂಡನ ಹೆಸರು ಹಿಡಿದು ಕರೆದರೆ ಅವನ ಆಯಸ್ಸು ಸವೆಯುತ್ತದೆ, ನಿಮ್ಮ ಮನೆಗಳಲ್ಲೂ ಇದ್ದದ್ದೇ. ಗಂಗಮ್ಮನ ಗಂಡ ನಾಟಕದ ಕಂಪನಿಯಲ್ಲಿ ತಗಡಿನ ಕತ್ತಿ ಹಿಡಿದು ನಿಲ್ಲುತ್ತಿದ್ದವನು, ಕಂಪನಿಯ ಹಿಂದೆಯೇ ಹೋಗಿ ವರ್ಷಗಳಿಂದ ಸುದ್ದಿಯಿಲ್ಲ. ಮಕ್ಕಳಿಲ್ಲ. ಅಣ್ಣ ಸತ್ತನೆಂದು ಕಾರ್ಯ ಮುಗಿಸಿ, ಇವಳ ಬಳೆ ಒಡೆಸಿಬಿಟ್ಟರೆ ಹೊಲ ತನ್ನದಾಗುತ್ತದೆ ಎಂದು ಮೈದುನ ಕಾಯುತ್ತಿದ್ದ. ಬರುವ ಅಮಾವಾಸ್ಯೆಯೊಳಗೆ ಮುಗಿಸುವುದಾಗಿ ಕಾರ್ಯ ಮಾಡಿಸುವ ಊರ ಅಯ್ಯನವರ ಹತ್ತಿರ ಮಾತೂ ಆಡಿದ್ದ.

ಕೊನೆಯ ರಾಶಿಯ ದಿನ ನರಸಮ್ಮ, ಇದೊಂದೂ ತಿಳಿಯದೆ, ಮಾಂತ್ರಿಕನಿಂದ ಮಲ್ಲಣ್ಣನ ಮೇಲೆ ಬೂದಿ ಎರಚಿಸಿ ಬಂಡೆ ಮಾಡಿಬಿಟ್ಟಳು. "ಅವ್ನ ಹೆಂಡ್ತಿ ಬಂದು ಹೆಸರಿಡ್ದು ಕೂಗಿದ್ರೇನೇ ಬಂಡೆ ಸೀಳಾದು. ಇಲ್ಲಾಂದ್ರೆ ಯುಗಯುಗಾನೂ ಕಲ್ಲೇ" ಎಂದು, ತೋಳು ಒದರಿಕೊಂಡು, ಕೊಡತಿಯನ್ನು ಪಕ್ಕಕ್ಕೆ ದಾಟಿಸಿದಳು. ಪಕ್ಕದಲ್ಲಿದ್ದವಳು ಗಂಗಮ್ಮ.

"ಇಲ್ಕೊಡು ಗಂಗಮ್ಮ, ನಾನ್ ಮುಗಿಸ್ತೀನಿ" ಎಂದು ಅತ್ತೆ ಕೈ ಚಾಚಿದರು.

"ಬುಡಿ ದೊಡ್ಡಮ್ಮ, ನನ್ ಸರದಿ."

ಅವಳು ಹೇಳತೊಡಗಿದಳು. ಹೆಂಡತಿ ಬೆಟ್ಟ ಹತ್ತಿದಳು. ಕಳ್ಳಿಮುಳ್ಳು ಕಾಲಿಗೆ ಚುಚ್ಚಿತು. ಬಂಡೆ ಬಿಸಿಲಿಗೆ ಕಾದಿತ್ತು, ಅದರ ಮೇಲೆ ಕೈಯಿಟ್ಟಳು. ಇಲ್ಲಿ ಗಂಗಮ್ಮ ಒಂದು ಕಾಯಿ ಕುಟ್ಟಿದಳು. ಆಮೇಲೆ, ಊಟಕ್ಕೆ ಕರೆಯುವವಳ ಹಾಗೆ, ಮೆಲ್ಲಗೆ ಅಂದಳು: "ಮಲ್ಲಣ್ಣ."

ಬೀಜ ಬಿಡಿಸುತ್ತಿದ್ದ ಕೈಗಳೆಲ್ಲ ನಿಂತವು.

"ಬಂಡೆ ಸೀಳ್ತು. ಒಳಗೆ ಯಾರೂ ಇರ್ಲಿಲ್ಲ." ಕೊಡತಿ ಕೆಳಗಿಟ್ಟು, ಸೆರಗು ಕೊಡವಿ, ಎದ್ದು ಮನೆಗೆ ಹೋದಳು.

ಆಮೇಲೆ ಹಿತ್ತಲಲ್ಲಿ ನಡೆದ ಜಗಳವನ್ನು ಏನು ಹೇಳಲಿ. ಒಳಗಿಲ್ಲ ಎಂದರೆ ಸತ್ತಂತೆಯೋ, ತಪ್ಪಿಸಿಕೊಂಡಂತೆಯೋ? ತಪ್ಪಿಸಿಕೊಂಡಿದ್ದರೆ ಮನೆಗೇಕೆ ಬರಲಿಲ್ಲ? ಅಷ್ಟರಲ್ಲಿ ಸಂಗತಿ ತಿಳಿದ ನರಸಮ್ಮ ಹಣೆ ಹಣೆ ಬಡಿದುಕೊಂಡಳು. ಕತೆ ಮುಗಿಯಿತೋ ಇಲ್ಲವೋ ಎಂದೇ ಗೊತ್ತಾಗದೆ, ಹುಳುವಿನ ಭಯಕ್ಕೆ ಅತ್ತೆ ಭರಣಿಗೆ ಇನ್ನೊಂದು ಹಿಡಿ ಉಪ್ಪು ಸುರಿದರು.

ಅಮಾವಾಸ್ಯೆ ಹತ್ತಿರವಾದಾಗ ಮೈದುನ ಅಯ್ಯನವರನ್ನು ಗಂಗಮ್ಮನ ಮನೆಗೆ ಕರೆದುಕೊಂಡು ಬಂದ. ನಾವೆಲ್ಲ ಗೋಡೆಯ ಈಚೆ ಕಿವಿಯಾಗಿ ನಿಂತೆವು. ಗಂಗಮ್ಮನ ದನಿ ಸ್ಪಷ್ಟವಾಗಿ ಕೇಳಿಸಿತು: "ಹೆಸರಿಡ್ದು ಕೂಗಿದ್ದೀನಿ ಅಯ್ಯನೋರೆ, ಊರೋರೇ ಸಾಕ್ಷಿ. ಬರ್ಲಿಲ್ಲ. ಸತ್ತಿದ್ರೆ ದೆವ್ವ ಆಗಾದ್ರೂ ಬರ್ತಿರ್ಲಿಲ್ವಾ? ಬರ್ಲಿಲ್ಲ ಅಂದ್ಮ್ಯಾಲೆ ಎಲ್ಲೋ ಬದುಕವ್ರೆ. ಬದುಕಿರೋರಿಗೆ ಕಾರ್ಯ ಮಾಡ್ತೀರಾ?"

ಅಯ್ಯನವರು ಶಾಸ್ತ್ರ ನೋಡಿ ಹೇಳುತ್ತೇನೆ ಎಂದು ಎದ್ದರು. ಇನ್ನೂ ನೋಡುತ್ತಿದ್ದಾರೆಂದು ಕಾಣುತ್ತದೆ. ಬಳೆ ಕೈಯಲ್ಲೇ ಉಳಿಯಿತು, ಹೊಲವೂ. ಅವಳು ಒಂದು ಟಗರು ತಂದು ಸಾಕಿದಳು. ಬೆಳಿಗ್ಗೆ ಎದ್ದರೆ "ಲೇ ಮಲ್ಲಣ್ಣ, ರಾಗಿ ಬುಟ್ಟು ಈಚೆ ಬಾರ್ಲಾ" ಎಂದು ಓಣಿಗೆಲ್ಲ ಕೇಳುವಂತೆ ಅದನ್ನು ಬೈಯುವಳು.

ಒಮ್ಮೆ ತಡೆಯಲಾರದೆ ಕೇಳಿದೆ. "ಅಕ್ಕ, ನಿಜ ಹೇಳಿ. ಅವ್ರು ಕಲ್ಲಿಂದ ತಪ್ಪಿಸ್ಕೊಂಡಿದ್ರಾ, ಇಲ್ಲ ಮೊದ್ಲಿಂದಾನೂ ಒಳಗೆ ಇರ್ಲೇ ಇಲ್ವಾ?"

"ನಾನು ಕಲ್ಲು ಸೀಳ್ದೋಳು ಕಣಮ್ಮ. ಇನ್ನೇನ್ ಹೇಳ್ಲಿ?"

ನಾವು ಮಧುಗಿರಿ ಪೇಟೆಗೆ ಬಂದು ಎಷ್ಟೋ ಕಾಲವಾಯಿತು. ನನಗೆ ಈಗಲೂ ಅರ್ಥವಾಗಿಲ್ಲ. ಅವಳು ಆ ದಿನ ಗಂಡನನ್ನು ಬದುಕಿಸಿದಳೋ, ಕಳೆದುಕೊಂಡಳೋ, ಬಿಟ್ಟೇಬಿಟ್ಟಳೋ?

ಇವತ್ತು ಬತ್ತಿದ ಸಾರಿನ ಮುಂದೆ ನಿಂತು ಯೋಚಿಸುತ್ತಿದ್ದಾಗ ಏನನ್ನಿಸಿತೋ, ಭರಣಿಯ ಬಾಯಿಗೆ ಬಗ್ಗಿ, ಮದುವೆಯಾದಂದಿನಿಂದ ಬಾಯಲ್ಲಿ ಹುಣಸೆಬೀಜದಂತೆ ಇಟ್ಟುಕೊಂಡಿದ್ದ ನಮ್ಮ ಮನೆಯವರ ಹೆಸರನ್ನು ಒಂದು ಸಲ ಹೇಳಿದೆ. ಪಡಸಾಲೆಯಲ್ಲಿ ಗೊರಕೆ ನಿಂತಿತು. ಮುಚ್ಚಳ ಕೈಯಲ್ಲಿ ಹಿಡಿದು ನಾನೂ ಹಾಗೇ ನಿಂತೆ. ಸ್ವಲ್ಪ ಹೊತ್ತಿಗೆ ಗೊರಕೆ ಮತ್ತೆ ಶುರುವಾಯಿತು. ನನಗೆ ಆದದ್ದು ಸಮಾಧಾನವೋ ನಿರಾಸೆಯೋ, ಇದನ್ನು ಬರೆಯುವ ಹೊತ್ತಿಗೂ ಗೊತ್ತಾಗಿಲ್ಲ.

ನಿಮ್ಮ ಹಿತ್ತಲುಗಳಲ್ಲೂ ಕೊಡತಿಯ ಜೊತೆ ಇಂಥ ಕತೆ ದಾಟಿರಬೇಕು. ದಾಟಿದ್ದರೆ ಬರೆದು ಕಳಿಸಿ. ನಿಮ್ಮ ಕತೆಯ ಬಂಡೆ ಸೀಳಿದಾಗ ಒಳಗೆ ಯಾರಿದ್ದರು ಎಂಬುದನ್ನು ಮಾತ್ರ ಮರೆಯದೆ ತಿಳಿಸಿ.